ಸರಸ್ವತಿ ಪೂಜೆಗೆ ಕೂತ ಕೊಲೆಗಾರ

ಓದುತ್ತಿರುವ ಪುಸ್ತಕದಲ್ಲಿ ಗುರುತಿಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಇಟ್ಟುಬಿಡುವುದು ನನ್ನ ಹಳೆಯ ಚಾಳಿ. ಬಸ್ ಟಿಕೆಟ್ಟು, ತಲೆಪಿನ್ನು, ಊದುಬತ್ತಿ ಪೊಟ್ಟಣದ ರಟ್ಟು, ಒಮ್ಮೆ ಒಗ್ಗರಣೆಯ ಅವಸರದಲ್ಲಿ ಒಂದು ಕರಿಬೇವಿನ ಕಡ್ಡಿ. ನಮ್ಮ ಕಾಲೇಜಿನ ಲೈಬ್ರರಿಯವರು ನಾನು ವಾಪಸು ಕೊಟ್ಟ ಪುಸ್ತಕವನ್ನು ಬೆನ್ನು ಹಿಡಿದು ಎರಡು ಸಲ ಕೊಡವಿದ ಮೇಲೆಯೇ ಕಪಾಟಿಗೆ ಸೇರಿಸುತ್ತಾರೆ. "ಮೇಡಂ, ಹೋದ್ಸಲ ನಿಮ್ಮ ಕರೆಂಟ್ ಬಿಲ್ಲು ಸಿಕ್ತು. ಕಟ್ಟಿದ್ರೋ ಇಲ್ವೋ?" ಎಂದು ಎಲ್ಲರೆದುರು ಕೇಳಿ ನನ್ನ ಮಾನ ಕಳೆದದ್ದೂ ಉಂಟು.

ಹೋದ ವಾರ ಹಾಸನದ ನಮ್ಮ ಮನೆಯಲ್ಲಿ ಕಪಾಟು ಖಾಲಿ ಮಾಡುತ್ತಾ, ಹಳೇ ಪೇಪರಿನವನಿಗೆ ಕೊಡುವ ರಾಶಿಗೆ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಎಸೆದೆ. ಎಸೆದ ರಭಸಕ್ಕೆ ಅದರೊಳಗಿಂದ ಮಡಿಸಿದ ಕಾಗದವೊಂದು ಜಾರಿ ಬಿತ್ತು. ಬಿಡಿಸಿ ನೋಡಿದೆ. ಟೈಪು ಮಾಡಿದ ಒಂದು ಪುಟದ ಪತ್ರ. ಅಕ್ಷರಗಳ ಮೇಲೆ ಕುಂಕುಮ, ಮೂಲೆಯಲ್ಲಿ ಅರಿಸಿನ, ಮಡಿಕೆಯ ಸಂದಿಯಲ್ಲಿ ಎರಡು ಕಾಳು ಅಕ್ಷತೆ. ಕಾಲೇಜಿನಿಂದ ಬಂದ ಕೆಲಸದ ಪತ್ರಕ್ಕೆ ಅಕ್ಷತೆ ಹಾಕಿದವರು ಯಾರು ಎಂದು ನೀವು ಕೇಳಬಹುದು. ಹೇಳಬೇಕಾದರೆ ಒಬ್ಬ ಬಾಡಿಗೆ ಕೊಲೆಗಾರನ ಕಥೆಯಿಂದ ಶುರು ಮಾಡಬೇಕು. ರಾಶಿಯಿಂದ ಪುಸ್ತಕ ಎತ್ತಿಕೊಂಡು ನೆಲದ ಮೇಲೆ ಕೂತೆ. ಪೇಪರಿನವನು ಬಂದು ಎರಡು ಸಲ ಕೂಗಿ ಹೊರಟುಹೋದ.

ಈ ಪುಸ್ತಕ ನನ್ನ ಮದುವೆಗಿಂತ ಒಂದು ವಾರ ದೊಡ್ಡದು. ತೊಂಬತ್ತರ ದಶಕದ ನಡುವೆ ಇಂಗ್ಲಿಷ್ ಎಂ.ಎ. ಮುಗಿಸಿ ಮದುವೆಗೆ ನಿಂತಿದ್ದೆ. ಅಮ್ಮ ಅಂಗಡಿಯೊಂದರಲ್ಲಿ ಕುಪ್ಪಸದ ಕಣಕ್ಕೆ ಚೌಕಾಸಿ ಮಾಡುತ್ತಿದ್ದಾಗ ನಾನು ಬಸ್ ಸ್ಟ್ಯಾಂಡಿನ ಹೊರಗೆ ಗೋಣಿ ಹಾಸಿ ಹಳೇ ಪುಸ್ತಕ ಮಾರುವವನ ಹತ್ತಿರ ಇದನ್ನು ಕೊಂಡೆ. ಮುಖಪುಟದಲ್ಲಿ ಒಂದು ಬಂದೂಕು, ನೇರ ನೋಡುವವರ ಹಣೆಗೇ ಗುರಿ. ಇಂಥದ್ದನ್ನು ಹಿಡಿದುಕೊಂಡು ಹೊಳೆನರಸೀಪುರದ ಅಗ್ರಹಾರಕ್ಕೆ, ಅದೂ ಅರ್ಚಕರ ಮನೆಗೆ, ಹೊಸ ಸೊಸೆಯಾಗಿ ಕಾಲಿಡುವುದು ಹೇಗೆ? ಹಿಂದಿನ ವರ್ಷದ ಕ್ಯಾಲೆಂಡರಿನ ಹಾಳೆ ಹರಿದು ರಟ್ಟು ಹಾಕಿದೆ. ವೀಣೆ ಹಿಡಿದ ಸರಸ್ವತಿ ಸರಿಯಾಗಿ ಬಂದೂಕಿನ ಮೇಲೆ ಬಂದು ಕೂತಳು. ಸೀರೆಗಳ ನಡುವೆ ಅಡಗಿ ಕೊಲೆಗಾರ ನನ್ನ ಜೊತೆ ಗೃಹಪ್ರವೇಶ ಮಾಡಿದ.

ನಮ್ಮ ಮಾವನವರು ಹೊಳೆಯ ದಂಡೆಯ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಒಳ್ಳೆಯವರು, ಆದರೆ ಮಡಿಯ ವಿಷಯಕ್ಕೆ ಬಂದರೆ ಗಾಳಿ ಕೂಡ ಸ್ನಾನ ಮಾಡಿ ಒಳಗೆ ಬರಬೇಕು ಎನ್ನುವವರು. ಹೆಣ್ಣು ನೋಡಲು ಬಂದಾಗಲೇ ಹೇಳಿಬಿಟ್ಟಿದ್ದರು: "ಹುಡುಗಿ ಓದಿದಾಳೆ, ಬಹಳ ಸಂತೋಷ. ಆದ್ರೆ ಬಸ್ಸಲ್ಲಿ ನಾಲ್ಕು ಜನರ ಮಧ್ಯೆ ಓಡಾಡಿ ಬಂದು ದೇವರ ಅಡುಗೆ ಮನೆಗೆ ಕಾಲಿಡೋದು ಅಂದ್ರೆ ಆಗಲ್ಲ." ನಾನು ಆಗ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಕೆಲಸಕ್ಕೆ ಹೋಗಬೇಕು, ತರಗತಿಯಲ್ಲಿ ನಿಂತು ಪಾಠ ಮಾಡಬೇಕು ಎಂಬ ಆಸೆ ನನಗೆ ಬಹಳ ಇತ್ತು. ಮದುವೆಗೆ ತಿಂಗಳ ಮೊದಲು ಚನ್ನರಾಯಪಟ್ಟಣದ ಒಂದು ಜೂನಿಯರ್ ಕಾಲೇಜಿನ ಇಂಟರ್‌ವ್ಯೂಗೂ ಹೋಗಿ ಬಂದಿದ್ದೆ. ಅವರಿಂದ ಜವಾಬು ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಉಪ್ಪಿಟ್ಟು ಕೊಟ್ಟೆ.

ನಮ್ಮವರು ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು. ಅವರಿಗೆ ತಟ್ಟದ ಮೈಲಿಗೆ ನನಗೆ ಹೇಗೆ ತಟ್ಟುತ್ತದೆ ಎಂದು ಒಂದು ದಿನ ಕೇಳಿದೆ. "ನನಗೇನೂ ಅಭ್ಯಂತರ ಇಲ್ಲ. ಅಪ್ಪನ್ನ ಕೇಳ್ಬೇಕು" ಎಂದರು.

"ಹಾಗಾದ್ರೆ ಕೇಳಿ."

"ನೀನೇ ಕೇಳು."

"ಹೊಸಬಳು ನಾನು ಹೇಗೆ ಕೇಳೋದು?"

"ಅದೇ ಮತ್ತೆ, ನೋಡು" ಎಂದು ಪ್ರಮೇಯ ಸಾಧಿಸಿದವರ ಹಾಗೆ ಮಗ್ಗುಲಾದರು.

ಮನೆಯಲ್ಲಿ ಇನ್ನಿಬ್ಬರು. ಮಾತು ಕಮ್ಮಿ, ಕೆಲಸ ಜಾಸ್ತಿಯ ನಮ್ಮ ಅತ್ತೆ. ಮತ್ತು ಮಾವನವರ ತಾಯಿ, ಎಂಬತ್ತರ ಅಜ್ಜಿ. ಅಜ್ಜಿಯ ಗಂಡ ತಮ್ಮ ಕಾಲದಲ್ಲಿ ಜಗುಲಿಯ ಮೇಲೆ ಕೂತು ಪುರಾಣ ಓದಿ ಬೀದಿಗೆಲ್ಲ ಅರ್ಥ ಹೇಳುತ್ತಿದ್ದರಂತೆ. ಅವರು ಹೋದ ಮೇಲೆ ಅಜ್ಜಿ ತಾವೇ ದಿನಾ ಊಟವಾದ ಮೇಲೆ ಒಂದು ಗಂಟೆ ಗಟ್ಟಿಯಾಗಿ ಓದಿಕೊಳ್ಳುವರು. ಆ ಶ್ರಾವಣದ ಕೊನೆಗೆ ಹಾಸನಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದರು. ಬಗ್ಗಕೂಡದು, ಒಲೆಯ ಹೊಗೆ ಕೂಡದು, ಓದು ಅಂತೂ ಕೂಡಲೇ ಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಇನ್ನೊಂದು ಕಣ್ಣು ಮೊದಲೇ ಮಂಜು. ಅಜ್ಜಿ ಪಟ್ಟಿ ಕಟ್ಟಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತು ಇಡೀ ಮನೆಯನ್ನು ಕಿವಿಯಿಂದಲೇ ಆಳತೊಡಗಿದರು.

ಮೂರನೆಯ ದಿನ ಮಧ್ಯಾಹ್ನ ನಾನು ಕಂಬದ ಮರೆಯಲ್ಲಿ ಕೂತು ಕದ್ದು ಓದುತ್ತಿದ್ದೆ.

"ಏ ಹುಡುಗಿ, ಆಗಿಂದ ಹಾಳೆ ಮಗುಚ್ತಾ ಇದೀಯಲ್ಲ, ಅದು ಯಾವ ಪುರಾಣವೇ?"

ಬೆಚ್ಚಿಬಿದ್ದೆ. "ಪುರಾಣ ಅಲ್ಲ ಅಜ್ಜಿ, ಇಂಗ್ಲಿಷ್ ಕಥೆ."

"ಏನಂತೆ?"

ಸುಳ್ಳು ಹೇಳೋಣವೆಂದರೆ ಹೊಳೆಯಲಿಲ್ಲ. "ಒಬ್ಬನಿಗೆ ದುಡ್ಡು ಕೊಟ್ಟು ಮಂತ್ರೀನ ಕೊಂದು ಬಾ ಅಂತಾರೆ. ಅವನು ಹೊರಡ್ತಾನೆ. ಅವನನ್ನ ಹಿಡಿಯಕ್ಕೆ ಒಬ್ಬ ಪೊಲೀಸಿನವನು ಹಿಂದೆ ಹೊರಡ್ತಾನೆ."

ಅಜ್ಜಿ ಕಿವಿಯನ್ನು ನನ್ನ ಕಡೆ ತಿರುಗಿಸಿದರು. "ಪುರಾಣದಲ್ಲಾದರೂ ಇದಕ್ಕಿಂತ ಬೇರೆ ಏನಿದೆ? ಮೊದಲಿಂದ ಹೇಳು."

ಹೀಗೆ ಶುರುವಾಯಿತು ನೋಡಿ ನಮ್ಮ ಮನೆಯ ಪಾರಾಯಣ. ನಾನು ಮನಸ್ಸಿನಲ್ಲಿ ಇಂಗ್ಲಿಷ್ ಓದಿಕೊಂಡು ಬಾಯಲ್ಲಿ ಕನ್ನಡ ಹೇಳುವುದು. ದಾರಿಯಲ್ಲಿ ಒಂದಿಷ್ಟು ಶುದ್ಧೀಕರಣವೂ ನಡೆಯುತ್ತಿತ್ತು. ಕೊಲೆಗಾರ ತಿಂದ ಮೊಟ್ಟೆಗಳು ಬೇಯಿಸಿದ ಆಲೂಗಡ್ಡೆಗಳಾದವು. ವೈನು ಪಾನಕವಾಯಿತು. ಹೋಟೆಲಿನ ಕೋಣೆಗೆ ಅವನನ್ನು ನೋಡಲು ಬಂದ ಹೆಂಗಸರೆಲ್ಲ ದೂರದ ಸಂಬಂಧಿಕರಾದರು. "ಪುಣ್ಯವಂತ, ಊರೂರಲ್ಲೂ ಬಳಗ ಇದೆ" ಎಂದರು ಅಜ್ಜಿ. ಪಟ್ಟಿಯ ಕೆಳಗೆ ತುಟಿ ಒಂಚೂರು ಕೊಂಕಿದ ಹಾಗೆ ಕಂಡಿತು, ನನ್ನ ಭ್ರಮೆ ಎಂದುಕೊಂಡೆ.

ಮೊದಲನೆಯ ದಿನವೇ ತಕರಾರು ಬಂತು. ಅಧ್ಯಾಯದ ಕೊನೆಯಲ್ಲಿ ಕೊಲೆಗಾರ ತನಗೆ ಬಂದೂಕು ಮಾಡಿಕೊಟ್ಟ ಮುದುಕನನ್ನೇ ಮುಗಿಸುತ್ತಾನೆ. ಅಲ್ಲಿಗೆ ನಾನು ಪುಸ್ತಕ ಮುಚ್ಚಿದೆ.

"ಏಯ್! ತೆಗಿ, ತೆಗಿ! ಸಾವಿನ ಹತ್ರ ಯಾರಾದರೂ ಪುಸ್ತಕ ಮುಚ್ತಾರೇನೇ?"

ಪುರಾಣ ಓದುವ ಮನೆಗಳ ಕಟ್ಟಳೆ ಅದು. ಸಾವಿಗೋ ಶೋಕಕ್ಕೋ ಬಂದು ನಿಲ್ಲಿಸಿದರೆ ಆ ಸಾವು ಮನೆಯಲ್ಲೇ ತಂಗುತ್ತದಂತೆ. ಒಂದು ಮದುವೆ, ಒಂದು ಮಗು, ಒಂದು ಪಟ್ಟಾಭಿಷೇಕ, ಏನಾದರೊಂದು ಮಂಗಳ ಬರುವ ತನಕ ಓದಿಯೇ ಪುಸ್ತಕ ಕಟ್ಟಬೇಕು. ಇಂಥ ಕಾದಂಬರಿಯಲ್ಲಿ ಮಂಗಳ ಎಲ್ಲಿಂದ ತರುವುದು? ನಾಲ್ಕು ಪುಟ ಮುಂದೆ ಕಣ್ಣಾಡಿಸಿದೆ. ಇನ್ನೆರಡು ಹೆಣ ಬಿದ್ದವು. ಅತ್ತ ಕಾಫಿಯ ಹೊತ್ತು ಮೀರುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು, "ಅಷ್ಟು ಹೊತ್ತಿಗೆ ಆ ಪೊಲೀಸಿನವನ ಮಗಳಿಗೆ ಮದುವೆ ನಿಶ್ಚಯವಾಯಿತು" ಎಂದೆ. ಪುಸ್ತಕದಲ್ಲಿ ಆ ಪೊಲೀಸಿನವನಿಗೆ ಇರುವುದು ಒಂದು ಹೊಟ್ಟೆಹುಣ್ಣು ಮಾತ್ರ, ಮಗಳಿಲ್ಲ.

"ಹಾಂ, ಈಗ ಮುಚ್ಚು" ಎಂದರು ಅಜ್ಜಿ.

ಅಲ್ಲಿಂದ ಮುಂದೆ ಯಾವ ಯಾವ ಊರಿನಲ್ಲಿ ಹೆಣ ಬಿತ್ತೋ ಅಲ್ಲೆಲ್ಲ ನಾನು ಒಂದೊಂದು ಶುಭ ಸಮಾರಂಭ ಏರ್ಪಡಿಸುತ್ತಾ ಹೋದೆ. ಹೋಟೆಲಿನವನ ಹಸು ಕರು ಹಾಕಿತು. ಟ್ಯಾಕ್ಸಿಯವನು ಹೊಸ ಮನೆಯ ಒಕ್ಕಲು ಮಾಡಿದ. ಪೊಲೀಸಿನವನ ಮಗಳ ಮದುವೆ ಆಯಿತು, ಸೀಮಂತ ಆಯಿತು. ಇಡೀ ಕಾದಂಬರಿ ನಡೆಯುವುದು ಮೂರು ವಾರದಲ್ಲಿ. ಅಜ್ಜಿ ಬೆರಳು ಮಡಿಚಿ ಲೆಕ್ಕ ಹಾಕಿದರು. "ಅಲ್ಲವೇ, ಧಾರೆಯಾಗಿ ಒಂಬತ್ತು ದಿನಕ್ಕೆ ಸೀಮಂತವೇ?"

"ಪರದೇಶದಲ್ಲಿ ಹಾಗೇ ಅಜ್ಜಿ."

"ಇರಬಹುದು. ಚಳಿ ದೇಶ" ಎಂದರು ಅಜ್ಜಿ.

ವಾರ ಕಳೆಯುವುದರೊಳಗೆ ಕೇಳುಗರು ಹೆಚ್ಚಿದರು. ಅತ್ತೆ ಅಕ್ಕಿ ಆರಿಸುವ ಮೊರವನ್ನು ಅಡುಗೆಮನೆಯಿಂದ ನಡುಮನೆಗೆ ತಂದರು. ಇಡೀ ಪಾರಾಯಣದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಾಪ, ಅವನಿಗೆ ತಾಯಿ ಇಲ್ವಾ?" ಹಾಲಿನ ಕೆಂಚಮ್ಮ ಹೊಳೆಯಾಚೆಯ ಹಳ್ಳಿಯವಳು, ಹಾಲು ಅಳೆದು ಕೊಟ್ಟು ಹೋಗುವ ಬದಲು ಬಾಗಿಲ ಹತ್ತಿರ ತಂಬಿಗೆ ಇಟ್ಟುಕೊಂಡು ಕೂರತೊಡಗಿದಳು. ಅವಳಿಗೆ ಕೊಲೆಗಾರನ ಬಗ್ಗೆ ತಾತ್ಸಾರ.

"ಅಲ್ಲ ಕಣವ್ವ, ಒಬ್ನ ಸಾಯ್ಸಕ್ಕೆ ಇಷ್ಟು ದಿಸ ಬೇಕಾ? ನಮ್ಮೂರಲ್ಲಿ ಗದ್ದೆ ಬದಿನ ಜಗ್ಳ ಅಂದ್ರೆ ಬೆಳಿಗ್ಗೆ ಸುರುವಾಗಿ ಉಣ್ಣೋ ಒತ್ಗೆ ಮುಗ್ದೋಗಿರ್ತದೆ."

ಆದರೆ ಪೊಲೀಸಿನವನು ಹೊಟ್ಟೆಹುಣ್ಣಿಗೆ ಹೊತ್ತು ಹೊತ್ತಿಗೆ ಹಾಲು ಕುಡಿಯುತ್ತಾನೆ ಎಂದು ಗೊತ್ತಾದ ದಿನ ಅವಳು ಪಕ್ಷ ಕಟ್ಟಿಬಿಟ್ಟಳು. "ಆಲು ಕುಡ್ಯೋ ಮನ್ಸ ಕಣವ್ವಾ. ಇವ್ನೇ ಗೆಲ್ಲೋದು, ಬೇಕಾರೆ ಬರ್ಕೊ."

"ಆ ಊರಲ್ಲಿ ಹಾಲಿಗೆ ನೀರು ಹಾಕಲ್ಲ ಕೆಂಚಮ್ಮ, ಅದಕ್ಕೇ ಅವನಿಗೆ ತಾಕತ್ತು" ಎಂದರು ಅಜ್ಜಿ.

"ಅಯ್ಯೋ ಬುಡಿ ಅಜ್ಜಮ್ಮ, ನೀವೊಬ್ರು" ಎಂದು ಅವಳು ಸೆರಗು ಕೊಡವಿದಳು.

ಮಾವನವರು ಪಂಚಾಂಗ ಹಿಡಿದು ಕೇಳದವರ ಹಾಗೆ ಕೂತಿರುತ್ತಿದ್ದರು. ಒಂದು ವಾರ ಪಂಚಾಂಗದ ಒಂದೇ ಪುಟ ತೆರೆದಿತ್ತು. ಎಂಟನೆಯ ದಿನ ತಡೆಯಲಾರದೆ ಕೇಳಿದರು: "ಅದೇನು, ಅವನು ಸದಾ ಕೈಗೆ ಚೀಲ ಹಾಕ್ಕೊಂಡಿರ್ತಾನೆ ಅಂದೆಯಲ್ಲ, ಯಾಕೆ?"

"ಎಲ್ಲೂ ಬೆರಳ ಗುರುತು ಬೀಳಬಾರದು ಅಂತ ಮಾವ. ಯಾವ ಊರಲ್ಲೂ ಏನನ್ನೂ ಬರಿಗೈಲಿ ಮುಟ್ಟಲ್ಲ. ಅಡುಗೆ ತಾನೇ ಮಾಡ್ಕೋತಾನೆ, ಒಬ್ಬನೇ ಊಟ ಮಾಡ್ತಾನೆ, ತಟ್ಟೆ ತಾನೇ ತೊಳೀತಾನೆ. ಕೆಲಸಕ್ಕೆ ಕೂತರೆ ಮುಗಿಯೋವರೆಗೂ ಮಾತಾಡಲ್ಲ."

ಮಾವನವರ ಮುಖದಲ್ಲಿ ಗೌರವ ಮೂಡಿತು. "ಪಕ್ಕಾ ಮಡಿವಂತ!"

ಅಂದಿನಿಂದ ಅವರು ಕೊಲೆಗಾರನ ಕಡೆ. ಅವನು ಊರಿಗೊಂದು ಹೆಸರು ಇಟ್ಟುಕೊಳ್ಳುವುದೊಂದು ಮಾತ್ರ ಅವರಿಗೆ ಸರಿಬರಲಿಲ್ಲ. ಸಂಕಲ್ಪ ಯಾವ ಹೆಸರಿನಲ್ಲಿ ಮಾಡುತ್ತಾನೆ ಎಂಬ ಚಿಂತೆ. ಅಜ್ಜಿಗೆ ಹಿಡಿಸಿದ್ದು ಅವನ ಇನ್ನೊಂದು ನಿಯಮ. ಕೆಲಸ ಮುಗಿದ ಮೇಲೆ ಅದರ ಬಗ್ಗೆ ಅವನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. "ಇದು ಕಣೇ ಲಕ್ಷಣ" ಎಂದರು. "ನಿಮ್ಮ ಮಾವ ಒಂದು ಸತ್ಯನಾರಾಯಣ ಪೂಜೆ ಮಾಡಿಸಿ ಬಂದ್ರೆ ಎಂಟು ದಿನ ಹೇಳ್ತಾನೆ." ಮಾವನವರು ಪಂಚಾಂಗದ ಪುಟ ತಿರುಗಿಸಿದರು.

ಪಾರಾಯಣ ಹೀಗೆ ರಂಗೇರಿದ್ದಾಗ ಆ ಪತ್ರ ಬಂತು. ಅಂಚೆಯವನು ಜಗುಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತು. "ಅಜ್ಜಮ್ಮ, ಕುಮಾರಿ ಅಂತ ಐತೆ. ನಿಮ್ಮನೇಲಿ ಕುಮಾರಿ ಯಾರು?"

"ನಾನೇ ಕಣೋ, ಕೊಡಿಲ್ಲಿ."

ನಾನು ಓಡಿ ಬಂದೆ. ನನ್ನ ತವರಿನ ಹಾಸನದ ವಿಳಾಸ ಹೊಡೆದು ಅಪ್ಪ ಇಲ್ಲಿಯ ವಿಳಾಸ ಬರೆದಿದ್ದರು. ಅಜ್ಜಿ ಕವರನ್ನು ಬೆರಳಿನಿಂದ ಸವರಿ, ಅಂಚು ಮುಟ್ಟಿ, ಕೈಗೆ ಕೊಟ್ಟರು. "ಯಾರದೇ?"

"ನಮ್ಮಪ್ಪಂದು ಅಜ್ಜಿ."

"ನಿಮ್ಮಪ್ಪ ಕಾರ್ಡು ಬರೆಯೋರು. ಕವರು ಯಾವಾಗಿಂದ?"

ಏನೋ ತೊದಲಿ ಒಳಗೆ ಹೋಗಿ ಒಡೆದೆ. ಚನ್ನರಾಯಪಟ್ಟಣದ ಕಾಲೇಜಿನದೇ. ಇಂಗ್ಲಿಷ್ ಪಾಠ ಮಾಡುತ್ತಿದ್ದವರು ಬಿಟ್ಟುಹೋಗಿದ್ದಾರೆ, ದಸರಾ ರಜೆ ಮುಗಿದ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಈ ಪತ್ರದೊಂದಿಗೆ ಬಂದು ಸೇರಿಕೊಳ್ಳಬೇಕು, ಬರದಿದ್ದರೆ ಪಟ್ಟಿಯಲ್ಲಿ ನಿಮ್ಮ ಕೆಳಗಿರುವವರಿಗೆ ಕೊಡುತ್ತೇವೆ ಎಂದಿತ್ತು. ಕುಣಿಯಬೇಕು ಅನ್ನಿಸಿತು. ಮರುಗಳಿಗೆಯಲ್ಲೇ ಅಳು ಬಂತು. ಪತ್ರವನ್ನು ಎಲ್ಲಿಡುವುದು? ಆ ಮನೆಯಲ್ಲಿ ಬೇರೆಯವರು ಮುಟ್ಟದ ನನ್ನ ವಸ್ತು ಅಂದರೆ ಅದೊಂದೇ ಪುಸ್ತಕ. ಚಾಳಿ ನಿಮಗೆ ಗೊತ್ತೇ ಇದೆ. ಗುರುತಿನ ಜಾಗದಲ್ಲಿದ್ದ ಊದುಬತ್ತಿಯ ರಟ್ಟು ತೆಗೆದು, ಅಕ್ಷರ ಹೊರಗೆ ಬರುವಂತೆ ಮಡಿಸಿ ಪತ್ರ ಇಟ್ಟೆ. ರಾತ್ರಿ ನಮ್ಮವರಿಗೆ ತೋರಿಸಿದರೆ, "ಅಪ್ಪನ್ನ ಕೇಳ್ಬೇಕು" ಎಂದರು. ಈ ಸಲ ಮಗ್ಗುಲಾದವಳು ನಾನು.

ಹದಿನೈದು ದಿನ ಕೇಳೋಣ ಕೇಳೋಣ ಎಂದು ಕಳೆದೆ. ದಿನಾ ಮಧ್ಯಾಹ್ನ ಪುಸ್ತಕ ತೆಗೆದಾಗ ಪತ್ರ ಎದ್ದು ಕಾಣುತ್ತಿತ್ತು. ನೂರಾರು ಜನರ ನಡುವೆ ಬಂದೂಕು ಸಾಗಿಸುವ ಆ ಕೊಲೆಗಾರ ತಣ್ಣಗಿದ್ದ, ಒಂದು ಹಾಳೆ ಬಚ್ಚಿಟ್ಟ ನಾನು ಬೆವರುತ್ತಿದ್ದೆ. ಅಷ್ಟರಲ್ಲಿ ನವರಾತ್ರಿ ಬಂತು.

ನಮ್ಮ ಕಡೆ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಸರಸ್ವತಿಯನ್ನು ಆವಾಹನೆ ಮಾಡುತ್ತಾರೆ. ವಿಜಯದಶಮಿಯ ದಿನ ವಿಸರ್ಜನೆ ಆಗುವ ತನಕ ಯಾರೂ ಯಾವ ಪುಸ್ತಕವನ್ನೂ ಮುಟ್ಟುವಂತಿಲ್ಲ, ಓದುವಂತಿಲ್ಲ. ನಮ್ಮ ಕಥೆಯೋ ಕುತ್ತಿಗೆಗೆ ಬಂದು ನಿಂತಿತ್ತು. ಮಂತ್ರಿ ಹೊಸ ಸೇತುವೆಯ ಉದ್ಘಾಟನೆಗೆ ಕಾರಿನಿಂದ ಇಳಿಯುತ್ತಿದ್ದಾನೆ. ಕೊಲೆಗಾರ ಸೇತುವೆಯ ಕಮಾನಿನ ಮೇಲೆ ಗುರಿ ಹಿಡಿದು ಕೂತಿದ್ದಾನೆ. ಪೊಲೀಸಿನವನು ಕೆಳಗೆ ಮೆಟ್ಟಿಲು ಹುಡುಕುತ್ತಿದ್ದಾನೆ. ಅಲ್ಲಿಗೆ ಮೂಲಾ ನಕ್ಷತ್ರ ಬಂತು.

ಮಾವನವರು ಪುಸ್ತಕ ಜೋಡಿಸುತ್ತಿದ್ದರು. ನಾನು ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದೆ. ಅಜ್ಜಿ ಕುರ್ಚಿಯಿಂದಲೇ ಕೂಗಿದರು: "ಲೋ, ಆ ಮಗು ಓದ್ತಾಳಲ್ಲ, ಅದನ್ನೂ ಇಡೋ. ಅದೂ ವಿದ್ಯೆಯೇ."

"ಅಜ್ಜಿ, ಅದು ಬರೀ ಕಥೆ..." ಎಂದೆ.

ಮಾವನವರು ರಟ್ಟಿನ ಮೇಲಿನ ಸರಸ್ವತಿಯನ್ನು ನೋಡಿದರು. ಸಂತೋಷವಾಗಿ ಎಲ್ಲಕ್ಕಿಂತ ಮೇಲೆ ಇಟ್ಟರು. ಪೂಜೆಯ ಹೊತ್ತಿಗೆ ಒಂದೊಂದೇ ಪುಸ್ತಕ ಬಿಡಿಸಿ ಒಳಗೆ ಕುಂಕುಮ ಹಚ್ಚಿ ಅಕ್ಷತೆ ಹಾಕುವುದು ಅವರ ಪದ್ಧತಿ. ನನ್ನದು ಕೈಗೆ ಬಂತು. ಗುರುತು ಇದ್ದ ಕಡೆಗೇ ತಾನಾಗಿ ಬಿಚ್ಚಿಕೊಂಡಿತು. ಕನ್ನಡಕ ತೆಗೆದಿಟ್ಟಿದ್ದ ಮಾವನವರಿಗೆ ಪುಟ ಯಾವುದು ಪತ್ರ ಯಾವುದು ತಿಳಿಯಲಿಲ್ಲ. ಮಂತ್ರ ಹೇಳುತ್ತಾ ಕಾಲೇಜಿನವರ ಒಕ್ಕಣೆಯ ನಡುಮಧ್ಯಕ್ಕೆ ಉಂಗುರದ ಬೆರಳಿನಿಂದ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಮುಚ್ಚಿ, ಕಣ್ಣಿಗೊತ್ತಿಕೊಂಡರು. ನನ್ನ ಕೈಯಿಂದ ಹೂವಿನ ಬುಟ್ಟಿ ಬಿತ್ತು.

ಆ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಅನ್ನ ಸೇರುತ್ತಿರಲಿಲ್ಲ. ಪತ್ರವಿಲ್ಲದೆ ಸೋಮವಾರ ಹೋಗುವಂತಿಲ್ಲ. ವಿಸರ್ಜನೆಯ ದಿನ ಮಾವನವರು ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದರೆ ಎಲ್ಲವೂ ಬಯಲು. ಕೇಳದೆ ಬಚ್ಚಿಟ್ಟಳು ಎಂಬ ಮಾತು ಬಂದರೆ ಆಮೇಲೆ ಕೇಳುವ ಬಾಯಿಯೇ ಇರುವುದಿಲ್ಲ. ಕದಿಯಲು ತೀರ್ಮಾನ ಮಾಡಿದೆ. ಕೊಲೆಗಾರನ ಹಾಗೆ ಯೋಜನೆ ಹಾಕಿದೆ. ಮಾವನವರು ದೇವಸ್ಥಾನಕ್ಕೆ ಹೋಗಿರಬೇಕು, ಅತ್ತೆ ಬಾವಿಯ ಹತ್ತಿರ ಇರಬೇಕು, ಅಜ್ಜಿಗೆ ಹೇಗೂ ಕಣ್ಣಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬೆಕ್ಕಿನ ಹೆಜ್ಜೆ ಇಟ್ಟು ಪೂಜೆಯ ಮಣೆಯ ಹತ್ತಿರ ಹೋಗಿ ಕೈ ಚಾಚಿದೆ.

"ಯಾರದು?"

"ನಾನು ಅಜ್ಜಿ. ದೀಪಕ್ಕೆ ಎಣ್ಣೆ..."

"ಎಣ್ಣೆ ಈಗ ತಾನೇ ನಿಮ್ಮತ್ತೆ ಹಾಕಿದ್ಲು."

ನನ್ನ ಕಸುಬು ಅಲ್ಲಿಗೆ ಮುಗಿಯಿತು. ಹೊರಗೆ ಕೆಂಚಮ್ಮ ಬೇರೆ ದಿನಾ ಕಾಟ. "ಅಲ್ಲ ಕಣವ್ವ, ಅಂಗೇ ಗುರಿ ಇಟ್ಕಂಡು ಕುಂತಿದ್ರೆ ಕೈ ಮರಗಟ್ಟೋಗಲ್ವಾ ಅವನ್ಗೆ? ಸರಸ್ವತಮ್ಮಂಗೂ ಕರುಣೆ ಇಲ್ಲ ಬುಡು."

ವಿಜಯದಶಮಿ ಬಂತು. ವಿಸರ್ಜನೆ ಆಯಿತು. ಅಂದು ಮನೆಮಂದಿಯೆಲ್ಲ ಪುಸ್ತಕ ಹಿಡಿದು ಒಂದಿಷ್ಟಾದರೂ ಓದಬೇಕು. ಮಾವನವರ ಕೈ ಮೇಲಿನ ಪುಸ್ತಕಕ್ಕೆ ಹೋಗುವಷ್ಟರಲ್ಲಿ ಅಜ್ಜಿ, "ಮೊದಲು ಸೊಸೆ ಓದಲಿ. ಮಿಕ್ಕವರು ಕೇಳಿ" ಎಂದರು. ಅಷ್ಟು ಹೊತ್ತಿಗೆ ಅಜ್ಜಿಯ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಬಂದಿತ್ತು. ಎಲ್ಲರೂ ಸುತ್ತ ಕೂತರು. ರಜೆಯಲ್ಲಿದ್ದ ನಮ್ಮವರೂ ಕೂತರು. ಕೆಂಚಮ್ಮ ತಂಬಿಗೆ ಸಮೇತ ಬಾಗಿಲಲ್ಲಿ ಹಾಜರು. ನಾನು ಪತ್ರವನ್ನು ಅಂಗೈಯಲ್ಲಿ ಮುಚ್ಚಿ ಹಿಂದಿನ ಪುಟಗಳಿಗೆ ಸರಿಸಿ, ನಿಟ್ಟುಸಿರು ಬಿಟ್ಟು ಓದತೊಡಗಿದೆ.

ಪೊಲೀಸಿನವನು ಹೊಟ್ಟೆ ಹಿಡಿದುಕೊಂಡು ಕಮಾನು ಹತ್ತಿದ. ಹಿಂದಿನಿಂದ ಬಂದು ಕೈ ಹಿಡಿದ. ಗುಂಡು ಆಕಾಶಕ್ಕೆ ಹಾರಿತು. ಕೊಲೆಗಾರ ಕಾಲು ಜಾರಿ ಹೊಳೆಗೆ ಬಿದ್ದ. ಅವನ ಒಂದು ಕೈಗವಸು ಮಾತ್ರ ನೀರಿನ ಮೇಲೆ ತೇಲುತ್ತಾ ಹೋಯಿತು. ಕಥೆ ಮುಗಿಯಿತು.

"ಸತ್ನಾ?" 

"ಸತ್ತ ಅಜ್ಜಿ."

"ಯೋಳ್ಲಿಲ್ವಾ ನಾನು? ಆಲು ಕಣವ್ವ, ಆಲು!" ಎಂದಳು ಕೆಂಚಮ್ಮ. ಅತ್ತೆ ಸೆರಗಿನಿಂದ ಕಣ್ಣೊರಸಿಕೊಂಡು, "ತಾಯಿ ಇಲ್ಲದ ಮಗು" ಎಂದರು. "ಹೊಳೆ ಪಾಲಾದ. ನದಿಯಲ್ಲಿ ಹೋದದ್ದು ಒಳ್ಳೇದೇ, ಮಡಿವಂತ" ಎಂದು ಮಾವನವರು ಶಿಷ್ಯನನ್ನು ಕಳಿಸಿಕೊಟ್ಟರು.

ನಾನು ಮುಚ್ಚಲು ಹೋದೆ. ಅಜ್ಜಿ ಕೈ ಎತ್ತಿದರು. "ಮಂಗಳ?"

ಪುಸ್ತಕದಲ್ಲಿ ಇನ್ನು ಒಂದು ಸಾಲೂ ಇರಲಿಲ್ಲ. "ಅದೇ ಹೊತ್ತಿಗೆ, ಪೊಲೀಸಿನವನ ಮಗಳಿಗೆ ಗಂಡು ಮಗು..." ಎಂದು ಶುರು ಮಾಡಿದೆ.

"ಸಾಕು ಸುಮ್ನಿರೇ. ಇಲ್ಲದ ಹುಡುಗಿಗೆ ಎಷ್ಟು ಸಲ ಬಾಣಂತನ ಮಾಡಿಸ್ತೀಯ? ವರ್ಷದ ಹಬ್ಬ ಇವತ್ತು. ನಿಜವಾದ ಮಂಗಳ ಓದು."

"ಪುಸ್ತಕ ಮುಗೀತು ಅಜ್ಜಿ."

"ಇನ್ನೊಂದು ಹಾಳೆ ಇದೆಯಲ್ಲ. ಹಬ್ಬಕ್ಕೆ ಮುಂಚಿನಿಂದ ಕೇಳ್ತಾ ಇದೀನಿ, ಹಳೇ ಹಾಳೆಗಳ ಮಧ್ಯೆ ಒಂದು ಹೊಸ ಕಾಗದ ಗರಗರ ಅಂತಿದೆ. ಅದನ್ನೋದು. ಕನ್ನಡದಲ್ಲಿ."

ನಮ್ಮವರು ಛಾವಣಿಯ ತೊಲೆ ಎಣಿಸತೊಡಗಿದರು. ನಾನು ಪತ್ರ ತೆಗೆದೆ. ಬಿಡಿಸಿದರೆ ಅಕ್ಷತೆ ಉದುರಿತು. "ನಿಮ್ಮನ್ನು ಇಂಗ್ಲಿಷ್ ಉಪನ್ಯಾಸಕಿಯಾಗಿ ನೇಮಿಸಲು ಸಂತೋಷಪಡುತ್ತೇವೆ" ಎಂಬಲ್ಲಿಂದ ಕೊನೆಯ ಸಹಿಯ ತನಕ ಓದಿದೆ. ಅಷ್ಟು ದಿನ ಏನೇನೋ ಸೇರಿಸಿ ಹೇಳಿದ್ದವಳು ಅಂದು ಒಂದು ಅಕ್ಷರ ಸೇರಿಸಲಿಲ್ಲ, ಒಂದು ಬಿಡಲಿಲ್ಲ.

"ಇದೇನಮ್ಮಾ ಇದು?" ಎಂದು ಮಾವನವರು ತಾಯಿಯ ಕಡೆ ತಿರುಗಿದರು.

"ನಾನೇನು ಕಂಡೆ? ನನಗೆ ಕಣ್ಣೇ ಇರಲಿಲ್ಲ. ಆವಾಹನೆ ಮಾಡಿದೋನು ನೀನು. ಆ ಕಾಗದಕ್ಕೆ ಕುಂಕುಮ ಹಚ್ಚಿದೋನು ನೀನು. ಅಷ್ಟು ದಿನ ಮಣೆ ಮೇಲಿಟ್ಟು ಮಂಗಳಾರತಿ ಎತ್ತಿದೋನು ನೀನು. ಈಗ ಬೇಡ ಅನ್ನೋದಾದ್ರೆ ಯಾರಿಗೆ ಹೇಳ್ತೀಯ? ಇವಳಿಗೋ, ಆ ತಾಯಿಗೋ?"

ಮಾವನವರು ಕನ್ನಡಕ ಹಾಕಿಕೊಂಡು ಪತ್ರ ಇಸಿದುಕೊಂಡರು. ಅವರದೇ ಉಂಗುರದ ಬೆರಳಿನ ಗುರುತು ಕೆಂಪಗೆ ಕೂತಿತ್ತು. "ಆದ್ರೂ ಅಮ್ಮ, ಬಸ್ಸು, ಮೈಲಿಗೆ..."

"ಆ ಕೊಲೆಗಡುಕ ದೇಶ ದೇಶ ಸುತ್ತಿ ಮಡಿ ಉಳಿಸ್ಕೊಂಡ ಅಂತ ನೀನೇ ಹೊಗಳಿದೆ. ಇವಳು ಚನ್ನರಾಯಪಟ್ಟಣಕ್ಕೆ ಹೋಗಿ ಬಂದು ಬಚ್ಚಲಲ್ಲಿ ಎರಡು ಚೊಂಬು ನೀರು ಹುಯ್ಕೋತಾಳೆ. ಆಗಲ್ವಾ?"

ಮಾವನವರು ಎದ್ದು ಹೋದರು. ಪಂಚಾಂಗ ಹಿಡಿದುಕೊಂಡು ವಾಪಸು ಬಂದರು. ನನ್ನ ಮುಖ ನೋಡದೆ ಹೇಳಿದರು: "ಸೋಮವಾರ ಏಳೂವರೆಗೆ ರಾಹುಕಾಲ ಶುರು. ಅದಕ್ಕೆ ಮುಂಚೆ ಹೊಸ್ತಿಲು ದಾಟು." ನಾನು ಎಲ್ಲರೆದುರು ಗಟ್ಟಿಯಾಗಿ ಅತ್ತುಬಿಟ್ಟೆ. "ಈಗ ಮುಚ್ಚು ಪುಸ್ತಕಾನ" ಎಂದರು ಅಜ್ಜಿ.

ಮೊದಲ ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೋಳಿ ಬುಟ್ಟಿ ಇಟ್ಟುಕೊಂಡವಳೊಬ್ಬಳು ಕೂತಿದ್ದಳು. ಮೈಲಿಗೆಯ ಪರಾಕಾಷ್ಠೆ. ಅಷ್ಟು ಸುಖದ ಪ್ರಯಾಣ ಆಮೇಲೆ ನಾನು ಮಾಡಿಲ್ಲ.

ವರ್ಷಗಳ ಮೇಲೆ ಒಂದು ಮಧ್ಯಾಹ್ನ ಕಾಲೇಜಿನ ಪೇಪರು ತಿದ್ದುತ್ತಾ ಅಜ್ಜಿಯ ಪಕ್ಕ ಕೂತಿದ್ದೆ. ಒಂದೊಂದೇ ಜೋಡಿಸಿ ನೋಡಿದೆ. ಕವರಿನ ಅಂಚು ಸವರಿದ್ದು. ಪೂಜೆಗೆ ಅದನ್ನೂ ಇಡು ಎಂದು ಕೂಗಿದ್ದು. ಎಣ್ಣೆಯ ಹೊತ್ತಿಗೆ ಎಚ್ಚರವಾಗಿದ್ದದ್ದು. ಮೊದಲು ಸೊಸೆ ಓದಲಿ ಎಂದದ್ದು. ಇಷ್ಟು ಚೆನ್ನಾಗಿ ಗುರಿ ಇಟ್ಟವರನ್ನು ನಾನು ಆ ಪುಸ್ತಕದಲ್ಲೂ ಕಂಡಿರಲಿಲ್ಲ.

"ಅಜ್ಜಿ, ನಿಜ ಹೇಳಿ. ಎಲ್ಲಾ ನೀವೇ ಮೊದಲೇ ಯೋಚನೆ ಮಾಡಿ ಮಾಡಿದ್ದು ಅಲ್ವಾ?"

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಕೆಲಸ ಮುಗಿದ ಮೇಲೆ ಬಾಯಿ ಬಿಡಬಾರದು ಅಂತ ನಿನ್ನ ಪುಸ್ತಕದಲ್ಲೇ ಇತ್ತಲ್ಲವೇ."